ಅವರೆ ಬಳ್ಳಿಯ ಪಚ್ಚಕ್ಕ

ಮಕ್ಕಳೇ, ಕಾಡಿನಂಚಿನ ಒಂದು ಕೆರೆಯ ಏರಿಯ ಮೇಲೆ ಕಾಡವರೆಯ ಬಳ್ಳಿ ಹಬ್ಬಿತ್ತು. ಅದರ ಎಲೆಯಡಿಯಲ್ಲಿ ಪಚ್ಚಕ್ಕ ಎಂಬ ಗಿಡದ ತಿಗಣೆ ವಾಸವಾಗಿದ್ದಳು. ಎಲೆಯದೇ ಹಸಿರು ಮೈ, ಗುರಾಣಿಯಂಥ ಅಗಲ ಬೆನ್ನು, ಬೆನ್ನ ನಡುವೆ ಸಣ್ಣ ಬಿಳಿ ಚುಕ್ಕೆಗಳು. ಅಲುಗಾಡದೆ ಕೂತರೆ ಹಕ್ಕಿಯ ಕಣ್ಣಿಗೂ ಅವಳು ಬೀಳುತ್ತಿರಲಿಲ್ಲ.

ಯಾರಾದರೂ ಮೇಲೆ ಬಿದ್ದರೆ ಅವಳ ಬಳಿ ಇದ್ದದ್ದು ಒಂದೇ ಆಯುಧ, ಮೈಯಿಂದ ಚಿಮ್ಮುವ ಕೆಟ್ಟ ನಾತ. ಅದು ಒಮ್ಮೆ ಖಾಲಿಯಾದರೆ ಮತ್ತೆ ತುಂಬಲು ಹೊತ್ತು ಹಿಡಿಯುತ್ತಿತ್ತು. ಪಚ್ಚಕ್ಕನಿಗೋ ಮೂಗಿನ ತುದಿಯಲ್ಲೇ ಕೋಪ.

ಆ ಸಲ ಅವಳು ಮೊಟ್ಟೆಯಿಟ್ಟು, ಊಟ ನಿದ್ದೆ ಬಿಟ್ಟು ಕಾಯುತ್ತಿದ್ದಳು. ಪುಟ್ಟ ಗಡಿಗೆಗಳನ್ನು ಒತ್ತಾಗಿ ಜೋಡಿಸಿಟ್ಟಂತೆ ಇದ್ದವು ಆ ಮೊಟ್ಟೆಗಳು. ಇವತ್ತೋ ನಾಳೆಯೋ ಮರಿಗಳು ಹೊರಬರುವುದರಲ್ಲಿದ್ದವು.

ಮಧ್ಯಾಹ್ನ ನೆರೆಯ ಮಿಡತೆ ಏದುಸಿರು ಬಿಡುತ್ತಾ ಹಾರಿಬಂದ. ತಮಾಷೆಯಿಲ್ಲದೆ ಅವನಿಗೆ ಮಾತೇ ಶುರುವಾಗುತ್ತಿರಲಿಲ್ಲ.

“ಏನಕ್ಕಾ, ನಿನ್ನ ಮನೆಗೆ ದಾರಿ ಕೇಳಬೇಕಾಗಿಲ್ಲ ನೋಡು. ಮೂಗೇ ಕರಕೊಂಡು ಬರುತ್ತೆ.”

“ನನ್ನ ಬಾಗಿಲಿಗೇ ಬಂದು ನನ್ನನ್ನೇ ಆಡಿಕೊಳ್ತೀಯಾ?”

“ಕೋಪ ಮಾಡ್ಕೋಬೇಡ ಅಕ್ಕ, ನಾನು ಬಂದಿದ್ದು...”

ಅವನ ಮಾತು ಮುಗಿಯುವ ಮೊದಲೇ ಪಚ್ಚಕ್ಕ ಇದ್ದಬದ್ದ ನಾತವನ್ನೆಲ್ಲ ಅವನ ಮುಖಕ್ಕೆ ಚಿಮ್ಮಿದಳು. ಮಿಡತೆ ಕಣ್ಣುಜ್ಜಿಕೊಂಡು ಹಾರಿಹೋದ. ಸರಿಯಾಗಿ ಶಾಸ್ತಿಯಾಯಿತು ಎಂದು ಅವಳ ಮನಸ್ಸು ಹಗುರಾಯಿತು. ಬೀಸಿದ ಗಾಳಿ ಆ ನಾತವನ್ನು ಕೆರೆಯ ಕಡೆಗೆ ಕೊಂಡೊಯ್ದಿತು.

ಸ್ವಲ್ಪ ಹೊತ್ತಿಗೆ ಬಳ್ಳಿಯ ಬುಡದಿಂದ ಕೆಂಪಿರುವೆಗಳ ಸಾಲು ಹತ್ತಿಬಂತು. ಪಚ್ಚಕ್ಕ ಮೈ ಬಿಗಿಹಿಡಿದು ತಿಣುಕಿದಳು. ಒಂದು ಹನಿಯೂ ಹೊರಬರಲಿಲ್ಲ. ಮೊಟ್ಟೆಗಳ ಮೇಲೆ ಕವುಚಿ ಬಿದ್ದಳು. ಇರುವೆಗಳು ಕಾಲು ಕಚ್ಚಿದರೂ ಕದಲಲಿಲ್ಲ. ಆದರೆ ಬೆನ್ನು ಎಷ್ಟೇ ಅಗಲವಿದ್ದರೂ ಎಲ್ಲ ಮೊಟ್ಟೆಗಳನ್ನೂ ಮುಚ್ಚಲಾದೀತೆ? ಅಂಚಿನವುಗಳನ್ನು ಇರುವೆಗಳು ಒಂದೊಂದಾಗಿ ಕಿತ್ತು, ಅವಳ ಕಣ್ಣೆದುರೇ ಹೊತ್ತುಕೊಂಡು ಹೋದವು. ತಾಯಿಯ ಕರುಳು ಎಷ್ಟು ನೊಂದಿತೋ ಅವಳಿಗೇ ಗೊತ್ತು.

ಸಂಜೆ ಮಿಡತೆ ಮತ್ತೆ ಬಂದ. ಅರ್ಧ ಬರಿದಾದ ಎಲೆಯನ್ನು ನೋಡಿ ತಲೆ ತಗ್ಗಿಸಿದ.

“ಇರುವೆ ಬರ್ತಿವೆ ಅಂತ ಹೇಳೋಕೇ ಬಂದಿದ್ದೆ ಅಕ್ಕ. ಮೊದಲು ತಮಾಷೆ ಮಾಡಿದ್ದು ನನ್ನ ತಪ್ಪು.”

“ನಿನ್ನ ತಮಾಷೆಯಿಂದ ನನ್ನ ಒಂದು ಮೊಟ್ಟೆಯೂ ಹೋಗ್ತಿರಲಿಲ್ಲ ತಮ್ಮಾ,” ಎಂದಳು ಪಚ್ಚಕ್ಕ. ಉಳಿದ ಮೊಟ್ಟೆಗಳ ಮೇಲಿಂದ ಅವಳು ಏಳಲಿಲ್ಲ.

ನೀತಿ: ಆಪತ್ತಿಗೆಂದು ಇರುವ ಬಲವನ್ನು ಅಲ್ಪ ಸಿಟ್ಟಿಗೆ ಸುರಿದುಬಿಟ್ಟವರು, ಆಪತ್ತು ಬಂದಾಗ ಬರಿಗೈಯಲ್ಲಿ ನಿಲ್ಲಬೇಕಾಗುತ್ತದೆ.