ಸ್ವಲ್ಪ ಸವೆದಿದೆ

ಶಿಷ್ಯನೊಬ್ಬ ಗುರುಗಳನ್ನು ಕೇಳಿದ: "ಒಂದು ಮಾತು ನಮಗೆ ಗೊತ್ತಿದೆ. ಹೇಳಿದರೆ ಬೇಕಾದವರ ಮನಸ್ಸು ನೋಯುತ್ತದೆ. ಹೇಳದೆ ನಮ್ಮಲ್ಲೇ ಇಟ್ಟುಕೊಂಡರೆ ಅದೂ ಕರುಣೆಯೇ ಅಲ್ಲವೇ, ಗುರುಗಳೇ?"

ಗುರುಗಳು ಈ ಕತೆ ಹೇಳಿದರು.

ಘಟ್ಟದ ಬುಡದ ಊರಿನಲ್ಲಿ ಒಬ್ಬ ಮೇಸ್ತ್ರಿ ಇದ್ದ. ಗಾಡಿ ರಿಪೇರಿ ಅವನ ಕಸುಬು. ಗಾಡಿ ಬಂದು ನಿಲ್ಲುವಷ್ಟರಲ್ಲಿ ಅದಕ್ಕೇನು ಕೆಟ್ಟಿದೆ ಎಂದು ಸದ್ದಿನಿಂದಲೇ ಹೇಳಬಲ್ಲವನಾಗಿದ್ದ. ಘಟ್ಟದ ಮೇಲಿನ ಹಳ್ಳಿಗಳಿಗೆ ಟೆಂಪೊ ಓಡಿಸುವ ಚಾಲಕನೊಬ್ಬ ಅವನ ಗೆಳೆಯ. ಹರೆಯದಲ್ಲಿ ಇಬ್ಬರೂ ಒಂದೇ ಲಾರಿಯಲ್ಲಿ ಕ್ಲೀನರ್ ಆಗಿ ದುಡಿದವರು. ಒಬ್ಬನಿಗೆ ಜ್ವರ ಬಂದರೆ ಇನ್ನೊಬ್ಬ ಗಂಜಿ ಕಾಯಿಸಿ ಕೊಡುತ್ತಿದ್ದ.

ಒಂದು ದಿನ ಆ ಚಾಲಕ ಟೆಂಪೊ ತಂದು ನಿಲ್ಲಿಸಿದ. ಬ್ರೇಕ್ ತುಳಿದರೆ ಕಬ್ಬಿಣ ಕೆರೆದ ಹಾಗೆ ಸದ್ದು ಬರುತ್ತಿದೆ, ಪೆಡಲ್ಲೂ ಮೊದಲಿಗಿಂತ ಆಳಕ್ಕೆ ಹೋಗುತ್ತಿದೆ ಎಂದ. ಮೇಸ್ತ್ರಿ ಜಾಕ್ ಕೊಟ್ಟು ಚಕ್ರ ಬಿಚ್ಚಿದ, ಡ್ರಮ್ ಕಳಚಿದ. ಒಳಗೆ ಒತ್ತಿ ಚಕ್ರವನ್ನು ನಿಲ್ಲಿಸುವ ಲೈನಿಂಗ್ ಪಟ್ಟಿ ತೇದು ತೇದು ಕಾಗದದಂತಾಗಿತ್ತು. ಅದನ್ನು ಹಿಡಿದಿದ್ದ ರಿವೆಟ್ಟುಗಳ ತಲೆ ಹೊರಗೆ ಬಂದು ಡ್ರಮ್ಮನ್ನು ಗೀರಿದ್ದವು. ನಾಲ್ಕೂ ಚಕ್ರಗಳದ್ದು ಅದೇ ಪಾಡು. ಹೊಸ ಲೈನಿಂಗ್ ಪಟ್ಟಣದಿಂದ ಬರಬೇಕು, ಡ್ರಮ್ಮನ್ನು ಲೇತಿಗೆ ಕೊಟ್ಟು ನಯ ಮಾಡಿಸಬೇಕು. ಎರಡು ದಿನವಾದರೂ ಗಾಡಿ ನಿಲ್ಲಬೇಕು. ಇದರಲ್ಲಿ ಯೋಚಿಸುವಂಥದ್ದು ಏನೂ ಇರಲಿಲ್ಲ.

ಅವನ ಬೆನ್ನ ಹಿಂದೆ ನಿಂತು ಚಾಲಕ ಮಾತಾಡುತ್ತಲೇ ಇದ್ದ. ಅವನ ತಂಗಿಗೆ ಮದುವೆಯಾಗಿ ಒಂಬತ್ತು ವರ್ಷದ ಮೇಲೆ ಮಗುವಾಗಿತ್ತು. ಮರುದಿನ ಬಾಣಂತಿಯನ್ನೂ ಕೂಸನ್ನೂ ಗಂಡನ ಮನೆಗೆ ಬಿಟ್ಟುಬರಬೇಕು, ದಿನ ನಿಶ್ಚಯವಾಗಿದೆ. ಇಷ್ಟು ವರ್ಷ ಆಡಿಕೊಂಡವರ ಬಾಗಿಲಿಗೆ ಅಣ್ಣನ ಗಾಡಿಯಲ್ಲೇ ಹೋಗಿ ಇಳಿಯಬೇಕು ಎಂದು ಅವಳು ಆಸೆಪಟ್ಟಿದ್ದಾಳೆ. ಗೆಳೆಯ ಇಷ್ಟು ಸಂತೋಷದಲ್ಲಿದ್ದದ್ದನ್ನು ಮೇಸ್ತ್ರಿ ಎಂದೂ ಕಂಡಿರಲಿಲ್ಲ.

"ಏನಾಗಿದೆಯೋ?" ಎಂದು ಚಾಲಕ ಬಗ್ಗಿದ.

ಮೇಸ್ತ್ರಿ ಚಕ್ರಕ್ಕೆ ಅಡ್ಡವಾಗಿ ಕುಳಿತ. "ಸ್ವಲ್ಪ ಸವೆದಿದೆ," ಎಂದ. "ಬಿಡುವಾದಾಗ ಬಾ, ಹೊಸದು ಹಾಕೋಣ."

ಆಮೇಲೆ ಅವನು ರಿವೆಟ್ಟಿನ ತಲೆಗಳನ್ನು ಅರದಿಂದ ಉಜ್ಜಿ ತಗ್ಗಿಸಿದ. ಬ್ರೇಕ್ ಬಿಗಿ ಮಾಡಿ ಪೆಡಲ್ ಮೇಲೆ ತಂದ. ಸದ್ದು ನಿಂತಿತು. ಚಾಲಕ ಅವನ ಹೆಗಲು ತಟ್ಟಿ ಹೋದ.

ಮರುದಿನ ತಾಯಿ ಮಗು ಸುಖವಾಗಿ ಮನೆ ಸೇರಿದರೆಂದು ಕೇಳಿ ಮೇಸ್ತ್ರಿಗೆ ಸಮಾಧಾನವಾಯಿತು. ತಾನು ಮಾಡಿದ್ದೇ ಸರಿ ಎನ್ನಿಸಿತು. ಅಂದೇ ಪಟ್ಟಣಕ್ಕೆ ಹೇಳಿಕಳುಹಿಸಿ ಲೈನಿಂಗ್ ತರಿಸಿಟ್ಟ. ಆದರೆ ಚಾಲಕ ಬರಲಿಲ್ಲ. ಸದ್ದು ನಿಂತಮೇಲೆ ಅವನಿಗೆ ಬ್ರೇಕಿನ ನೆನಪೇ ಇರಲಿಲ್ಲ. ಟೆಂಪೊ ದಿನಾ ಬೆಳಿಗ್ಗೆ ಸಂಜೆ ಅಂಗಡಿಯ ಮುಂದೆ ಹಾದುಹೋಗುತ್ತಿತ್ತು. ಅವನು ಕೈ ಎತ್ತುತ್ತಿದ್ದ, ಇವನೂ ಕೈ ಎತ್ತುತ್ತಿದ್ದ. ಅಡ್ಡ ನಿಂತು ಹೇಳಿಬಿಡಬೇಕೆಂದು ಮೇಸ್ತ್ರಿಗೆ ದಿನವೂ ಅನ್ನಿಸುತ್ತಿತ್ತು. ಆದರೆ ಈಗ ಹೇಳಬೇಕಾದರೆ ಅಂದು ಮುಚ್ಚಿಟ್ಟಿದ್ದನ್ನೂ ಹೇಳಬೇಕು. ಬಾಣಂತಿಯನ್ನೂ ಕೂಸನ್ನೂ ಎಂಥ ಗಾಡಿಯಲ್ಲಿ ಕಳುಹಿಸಿದೆ ಎಂದು ಗೆಳೆಯ ಕೇಳಿದರೆ ಏನೆನ್ನುವುದು? ನಾಳೆ ಅವನೇ ಬರುತ್ತಾನೆ ಎಂದುಕೊಂಡ. ಒಂದೊಂದು ದಿನ ಕಳೆದಂತೆ ಆ ಮಾತು ಇನ್ನಷ್ಟು ಭಾರವಾಯಿತು.

ಹದಿಮೂರನೆಯ ದಿನ ಟೆಂಪೊ ಸಂತೆಗೆ ಹೊರಟ ಹನ್ನೊಂದು ಜನರನ್ನು ಹೊತ್ತು ಘಟ್ಟ ಇಳಿಯುತ್ತಿತ್ತು. ನಾಲ್ಕನೆಯ ತಿರುವಿನಲ್ಲಿ ಪೆಡಲ್ ನೆಲ ಮುಟ್ಟಿತು. ಒಂದು ಕಡೆ ಕಣಿವೆ, ಇನ್ನೊಂದು ಕಡೆ ಬಂಡೆ. ಚಾಲಕ ಗಾಡಿಯನ್ನು ಬಂಡೆಯ ಕಡೆಗೆ, ತಾನು ಕುಳಿತಿದ್ದ ಬದಿ ಬಡಿಯುವಂತೆ ತಿರುಗಿಸಿದ. ಹಿಂದೆ ಕುಳಿತವರ ಕೈಕಾಲು ಮುರಿದವು, ಜೀವ ಉಳಿಯಿತು. ಅವನು ಉಳಿಯಲಿಲ್ಲ.

ಮೇಸ್ತ್ರಿ ಅಂಗಡಿ ಮುಚ್ಚಿದ. ಉಂಡರೆ ಉಂಡ, ಇಲ್ಲದಿದ್ದರೆ ಇಲ್ಲ. ತಿಂಗಳು ಕಳೆದ ಮೇಲೆ ಚಾಲಕನ ಹೆಂಡತಿ ಅವನ ಮನೆಗೆ ಬಂದಳು. ಒಳಗೆ ಬಾ ಎಂದರೂ ಬರಲಿಲ್ಲ, ಹೊಸ್ತಿಲ ಆಚೆಯೇ ನಿಂತಳು.

"ಅತಿ ವೇಗದಲ್ಲಿ ಬಂದ ಎಂದು ಜನ ಅವರನ್ನೇ ಅನ್ನುತ್ತಿದ್ದಾರೆ," ಎಂದಳು. "ಅವರು ಹಾಗೆ ಓಡಿಸುವವರಲ್ಲ. ಗಾಡಿ ನೋಡಿದವರು ನೀವು. ಏನಾಗಿತ್ತು, ಅಣ್ಣ?"

"ಬ್ರೇಕು ಪೂರ್ತಿ ಸವೆದಿತ್ತು, ತಾಯಿ."

"ಅವರಿಗೆ ಗೊತ್ತಿತ್ತಾ?"

"ಇಲ್ಲ," ಎಂದ ಮೇಸ್ತ್ರಿ. "ನನಗೆ ಗೊತ್ತಿತ್ತು."

ಅವಳು ಕೂಗಾಡಲಿಲ್ಲ, ಶಾಪ ಹಾಕಲಿಲ್ಲ. ಸೆರಗು ಸರಿಮಾಡಿಕೊಂಡು ಹೊರಟುಹೋದಳು. ಮೇಸ್ತ್ರಿ ಅಂದೇ ಠಾಣೆಗೆ ಹೋಗಿ ನಡೆದದ್ದನ್ನೆಲ್ಲ ಬರೆಸಿದ. ಸಂತೆಯ ದಿನ ಜನ ಸೇರಿದಲ್ಲಿ ನಿಂತು ಅದನ್ನೇ ಹೇಳಿದ. ಸತ್ತವನ ಮೇಲಿನ ಅಪವಾದ ಹೋಯಿತು.

ಮೇಸ್ತ್ರಿಗೆ ಜೈಲಾಯಿತು. ಶಿಕ್ಷೆ ಮುಗಿಸಿ ಬಂದಮೇಲೂ ಅವನು ಅದೇ ಕಸುಬು ಮಾಡಿದ. ಯಾವ ಗಾಡಿ ಬಿಚ್ಚಿದರೂ ಸವೆದದ್ದನ್ನು ಕಳಚಿ ಗಾಡಿಯವನ ಅಂಗೈಗೆ ಹಾಕಿ, ಬೆರಳಿನಿಂದ ಮುಟ್ಟಿ ನೋಡು ಎನ್ನುತ್ತಿದ್ದ. ಕೆಲವರು ಸಿಡುಕಿದರು, ಕೆಲವರು ಬೇರೆ ಅಂಗಡಿಗೆ ಹೋದರು. ಅವನು ಬಿಡಲಿಲ್ಲ. ಅವನ ಕೈಯಲ್ಲಿ ಸರಿಯಾದ ನೂರಾರು ಗಾಡಿಗಳು ಆ ಘಟ್ಟ ಹತ್ತಿ ಇಳಿದವು. ಆದರೂ ಸಂಜೆ ಟೆಂಪೊ ಹಾದುಹೋಗುತ್ತಿದ್ದ ಹೊತ್ತಿಗೆ ಅವನು ಕೆಲಸ ನಿಲ್ಲಿಸಿ ಅಂಗಡಿಯ ಒಳಗೆ ಹೋಗಿ ಕುಳಿತುಬಿಡುತ್ತಿದ್ದ. ಸಾಯುವವರೆಗೂ ಅದು ತಪ್ಪಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ತಲೆ ತಗ್ಗಿಸಿಕೊಂಡೇ ಕೇಳಿದ: "ಆ ಹೆಂಗಸು ಅವನನ್ನು ಕ್ಷಮಿಸಿದಳೇ, ಗುರುಗಳೇ?"

ಗುರುಗಳು ಹೇಳಿದರು: "ನೀನು ಯಾರನ್ನು ಮನಸ್ಸಿನಲ್ಲಿಟ್ಟುಕೊಂಡು ನನ್ನನ್ನು ಕೇಳಿದೆಯೋ, ಅವರು ಇನ್ನೂ ಬದುಕಿದ್ದಾರಲ್ಲವೇ?"