ನೀರಿನ ಸೂಕ್ತ

ಶಿತಿಕಂಠ ಭಟ್ಟರ ಬಳಿ ನರಹರಿ ಹನ್ನೆರಡು ವರ್ಷ ಘನಪಾಠ ಕಲಿತ. ಮಂತ್ರದ ಪದಗಳನ್ನು ಹಿಂದೆ ಮುಂದೆ ಜೋಡಿಸಿ ಹೇಳುವ ವಿದ್ಯೆ ಅದು: ಒಂದು ಎರಡು, ಎರಡು ಒಂದು, ಒಂದು ಎರಡು ಮೂರು, ಮೂರು ಎರಡು ಒಂದು, ಮತ್ತೆ ಒಂದು ಎರಡು ಮೂರು. ಅವನು ಎಲ್ಲೂ ತಪ್ಪುತ್ತಿರಲಿಲ್ಲ. ಭಟ್ಟರಿಗೆ ಅದೇ ತಲೆನೋವಾಗಿತ್ತು.

ಹೊಳೆಯ ಆಚೆ ದಡದ ಪಾಠಶಾಲೆಯವರು ಅವನನ್ನು ಅಧ್ಯಾಪಕನಾಗಿ ಕರೆದಿದ್ದರು. ಗುರುಗಳ ಒಪ್ಪಿಗೆಯೊಂದು ಬಾಕಿ. ಮಧ್ಯಾಹ್ನದ ದೋಣಿ ಕೆಳಗೆ ಕಾಯುತ್ತಿತ್ತು.

“ಎಲ್ಲಿ, ನೀರಿನ ಸೂಕ್ತ ಒಪ್ಪಿಸು,” ಎಂದರು ಭಟ್ಟರು.

ನರಹರಿ ಜಗಲಿಯಲ್ಲಿ ಕುಳಿತು ಶುರುಮಾಡಿದ. ಅರ್ಧಕ್ಕೆ ಬಂದಾಗ ಮೇಲಿನ ದಾರಿಯಿಂದ ಒಬ್ಬ ಮುದುಕಿ ಅಂಗಳಕ್ಕೆ ಬಂದಳು.

“ಸ್ವಾಮಿ, ಒಂಚೂರು ನೀರು ಕೊಡ್ರಪ್ಪ. ಹೊಳೆಗಿಳಿಯೋಕೆ ಕಾಲಲ್ಲಿ ಕಸುವಿಲ್ಲ.”

ಪಾಠವನ್ನು ನಡುವೆ ಮುರಿಯಬಾರದು. ತಡಿ ಎಂದು ಕೈಸನ್ನೆ ಮಾಡಿ ನರಹರಿ ಮುಂದುವರಿಸಿದ. ಭಟ್ಟರೇ ಎದ್ದು ಒಳಗಿನಿಂದ ಒಂದು ಚೊಂಬು ನೀರು ತಂದುಕೊಟ್ಟರು. ಅವಳು ಬೇವಿನ ಬುಡದಲ್ಲಿ ಕುಳಿತು ಗಟಗಟನೆ ಕುಡಿದಳು.

ಸೂಕ್ತ ಮುಗಿಯಿತು.

“ಹೇಗಿತ್ತು ಗುರುಗಳೇ?”

“ಸ್ವರ ತಪ್ಪಲಿಲ್ಲ. ಅರ್ಥ?”

“ಅದೂ ಬಾಯಿಪಾಠ. ‘ಬಾಯಾರಿ ಬಂದವರನ್ನು ಕಾಯಿಸಬೇಡ, ಕೇಳುವ ಮೊದಲೇ ನೀರು ಕೊಡು.’ ಪದ ಪದ ಬಿಡಿಸಿ ಹೇಳಲೇ?”

ಭಟ್ಟರು ಹಣೆ ಚಚ್ಚಿಕೊಂಡರು. “ಬೇಡ ಮಾರಾಯ. ನಿನಗೇನಾದರೂ ತಿಳಿಯಿತೇ, ಅದನ್ನು ಹೇಳು.”

ನರಹರಿಗೆ ರೇಗಿತು. “ಯಾವ ಪದದ ಹಿಂದೆ ಯಾವ ಪದ ಬರುತ್ತದೆಂದು ಬಲ್ಲೆ. ಯಾವ ಪದಕ್ಕೆ ಯಾವ ಪದ ಅರ್ಥವೆಂದು ಬಲ್ಲೆ. ಏನು ಕೇಳಿದರೂ ಉತ್ತರ ಕೊಡುತ್ತೇನೆ. ತಿಳಿಯಲು ಇನ್ನೇನು ಉಳಿಯಿತು?”

“ಅಯ್ಯೋ, ಹನ್ನೆರಡು ವರ್ಷ!”

“ಒಂದಕ್ಷರ ತಪ್ಪಿದ್ದರೆ ತೋರಿಸಿ ಗುರುಗಳೇ.”

“ತಪ್ಪಿದ್ದರೆ ತಿದ್ದಬಹುದಿತ್ತು ಕಣೋ!”

ಕೆಳಗಿನಿಂದ ಅಂಬಿಗ ಕೂಗಿದ: “ಬರೋರು ಬೇಗ ಬನ್ನಿ, ದೋಣಿ ಬಿಡ್ತೀನಿ!”

ನರಹರಿ ಬಟ್ಟೆಗಂಟು ಎತ್ತಿಕೊಂಡ. “ಒಪ್ಪಿಗೆ ಕೊಡಿ. ಅಲ್ಲಿ ಮೂವತ್ತು ಮಕ್ಕಳು ನನ್ನಿಂದ ಕಲಿಯಲು ಕಾಯುತ್ತಿದ್ದಾರೆ.”

ಭಟ್ಟರಿಗೆ ಆ ಮೂವತ್ತು ಮಕ್ಕಳನ್ನು ನೆನೆದು ಸಂಕಟವಾಯಿತು.

ಬೇವಿನ ಬುಡದಿಂದ ಮುದುಕಿ ಖಾಲಿ ಚೊಂಬು ಚಾಚಿದಳು. “ಇನ್ನೊಂಚೂರು ಸಿಗ್ತದಾ ಸ್ವಾಮಿ?”

“ಸ್ವಲ್ಪ ತಡಿಯಮ್ಮ, ಮಾತಾಡ್ತಿದ್ದೀವಿ,” ಎಂದ ನರಹರಿ.

ಭಟ್ಟರು ದಡದಡನೆ ಅಂಗಳಕ್ಕಿಳಿದು ಆ ಚೊಂಬನ್ನು ತಂದು ಶಿಷ್ಯನ ಕೈಗೆ ತುರುಕಿದರು.

“ಅದೇ ಸೂಕ್ತ ಇನ್ನೊಂದು ಸಲ ಒಪ್ಪಿಸು. ಈ ಸಲ ಬಾಯಿ ತೆರೆಯಬೇಡ.”