ಕಲಿಮಲ್ಲನ ತಂಗಿ

ಕಥೆ ಹೇಳುವುದರಲ್ಲಿ ಫಕೀರಪ್ಪಜ್ಜನನ್ನು ಮೀರಿಸುವವರು ಆ ಸೀಮೆಯಲ್ಲೇ ಇರಲಿಲ್ಲ. ಪ್ರತಿ ಶನಿವಾರ ಸಂಜೆ ಗರಡಿಮನೆಯ ಕಟ್ಟೆಯ ಮೇಲೆ ಕೂತು, ಕಲಿಮಲ್ಲ ಎಂಬ ವೀರನ ಕಥೆ ಹೇಳುತ್ತಿದ್ದ. ಸಾಮು ಮುಗಿಸಿದ ಪೈಲ್ವಾನರು ಮೈಗೆ ಹತ್ತಿದ ಕೆಂಪು ಮಣ್ಣನ್ನೂ ತೊಳೆಯದೆ ಕೇಳುತ್ತಿದ್ದರು. ಮಕ್ಕಳಂತೂ ಮುಂದಿನ ಸಾಲಿನಲ್ಲೇ.

ಆದರೆ ಅಜ್ಜನಿಗೆ ಒಂದು ಕೆಟ್ಟ ಚಾಳಿಯಿತ್ತು. ಕಥೆ ಸಪ್ಪಗಾಯಿತು, ಯಾರೋ ಆಕಳಿಸಿದರು ಅಂದರೆ ಸಾಕು, ಕಲಿಮಲ್ಲನ ಮನೆಯವರಲ್ಲಿ ಒಬ್ಬರನ್ನು ಶತ್ರುಗಳ ಕೈಲಿ ಕೊಲ್ಲಿಸಿಬಿಡುತ್ತಿದ್ದ. ಮೊದಲು ತಾಯಿ ಹೋದಳು. ಕಲಿಮಲ್ಲ ಹಲ್ಲು ಕಡಿದು ಕತ್ತಿ ಹಿಡಿದ, ಜನ ಚಪ್ಪಾಳೆ ತಟ್ಟಿದರು. ಆಮೇಲೆ ಹೆಂಡತಿ ಹೋದಳು. ಆ ಹೆಂಡತಿಯ ಹೆಸರೇನು? ಯಾರಿಗೂ ಗೊತ್ತಿಲ್ಲ. ಸಾಯಲಿಕ್ಕೆಂದೇ ಬಂದವಳಿಗೆ ಹೆಸರು ಯಾಕೆ ಅಂತ ಅಜ್ಜ ಇಟ್ಟೇ ಇರಲಿಲ್ಲ, ಪುಣ್ಯಾತ್ಮ! ಈಗ ಉಳಿದವಳು ಕಲಿಮಲ್ಲನ ಪುಟ್ಟ ತಂಗಿ ಒಬ್ಬಳೇ.

ಮುಂದಿನ ಸಾಲಿನಲ್ಲಿ ಬಾಳವ್ವ ಎಂಬ ಎಂಟು ವರ್ಷದ ಹುಡುಗಿ ಕೂರುತ್ತಿದ್ದಳು. ಅಪ್ಪನನ್ನು ಕಂಡವಳಲ್ಲ. ಅವ್ವ ಹೋದ ವರ್ಷ ಜ್ವರ ಬಂದು ತೀರಿಕೊಂಡಿದ್ದಳು. ಇದ್ದವನು ಅಣ್ಣ ಅಡಿವೆಪ್ಪ, ಗರಡಿಯ ದೊಡ್ಡ ಪೈಲ್ವಾನ. ಮುಂದಿನ ಗುರುವಾರ ಪಕ್ಕದೂರಿನ ಪೈಲ್ವಾನನ ಜೊತೆ ಅವನ ಕುಸ್ತಿ ಇತ್ತು.

ಆ ಶನಿವಾರ ಅಜ್ಜ ಕಥೆ ನಿಲ್ಲಿಸುವಾಗ ಮೀಸೆ ತಿರುವಿ ಹೇಳಿದ, "ಬರೋ ವಾರ ತಂಗಿ ಪಾಳಿ. ಎದಿ ಗಟ್ಟಿ ಮಾಡ್ಕೊಂಡು ಬರ್ರಿ!"

ಜನ ಏಳುತ್ತ ಅಡಿವೆಪ್ಪನ ಬೆನ್ನು ತಟ್ಟಿದರು. "ನಮ್ಮೂರ ಕಲಿಮಲ್ಲ ಅಂದ್ರ ಇವನ ನೋಡ್ರಿ! ಗುರುವಾರ ಗೆದ್ದು ಬಾರಪಾ!"

ಬಾಳವ್ವ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಕಲಿಮಲ್ಲನಿಗೆ ತಾಯಿ ಇಲ್ಲ, ಅಣ್ಣನಿಗೂ ಇಲ್ಲ. ಕಲಿಮಲ್ಲನಿಗೆ ಒಬ್ಬಳೇ ತಂಗಿ, ಅಣ್ಣನಿಗೂ ಒಬ್ಬಳೇ. ಅಣ್ಣ ಗೆದ್ದು ವೀರನಾದರೆ ಮುಂದೆ ಯಾರ ಪಾಳಿ?

ಅವಳು ಅಜ್ಜನ ಹತ್ತಿರ ಹೋಗಿ ಮೆಲ್ಲಗೆ ಕೇಳಿದಳು. "ಅಜ್ಜಾ, ಕಲಿಮಲ್ಲನ ಹೇಣ್ತಿ ಹಗೇವಿನ್ಯಾಗ ಅಡಗಿ ಕುಂತಿದ್ರ ಸಿಗತಿದ್ದಳೇನ್ರಿ?"

ಅಜ್ಜ ಹೋ ಎಂದು ನಕ್ಕ. "ಅಲ್ಲಿ ಯಾರಿಗೆ ಸಿಗತಾಳವ್ವಾ! ಆದ್ರ ಆಕಿ ಸಿಗಲಿಲ್ಲಂದ್ರ ನನ್ನ ಕಥಿ ಮುಂದ ಹ್ಯಾಂಗ ಹೋಗಬೇಕು?"

ಹಗೇವು ಅಂದರೆ ಜೋಳ ತುಂಬಿಡಲು ನೆಲದೊಳಗೆ ತೋಡಿದ ಆಳದ ಗುಂಡಿ. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಮುಚ್ಚಿಟ್ಟ ಹಗೇವಿನೊಳಗೆ ಕೆಟ್ಟ ಗಾಳಿ ನಿಂತಿರುತ್ತದೆ. ಅದಕ್ಕೇ ಬಾಯಿ ತೆರೆದು ಇಡೀ ದಿನ ಬಿಡುತ್ತಾರೆ, ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸಿ ನೋಡುತ್ತಾರೆ. ದೀಪ ಆರಿದರೆ ಯಾರೂ ಇಳಿಯುವುದಿಲ್ಲ. ಇದು ದೊಡ್ಡವರಿಗೆ ಗೊತ್ತು. ಬಾಳವ್ವನಿಗೆ ಯಾರೂ ಹೇಳಿರಲಿಲ್ಲ.

ಆ ವಾರವೆಲ್ಲ ಅವಳ ಗಂಟಲಲ್ಲಿ ರೊಟ್ಟಿ ಇಳಿಯಲಿಲ್ಲ. ಬಾಗಿಲು ಕಿರ್ ಅಂದರೆ ಬೆಚ್ಚುತ್ತಿದ್ದಳು. ಯಾರಾದರೂ ಹೊಸಬರು ಓಣಿಯಲ್ಲಿ ಬಂದರೆ ಓಡಿಹೋಗಿ ಅಣ್ಣನ ಕಾಲು ಹಿಡಿಯುತ್ತಿದ್ದಳು. ಬುಧವಾರ ಬಾಯಿ ಬಿಟ್ಟು ಹೇಳಿಯೇಬಿಟ್ಟಳು, "ಅಣ್ಣಾ, ನಾಳೆ ನೀ ಸೋತುಬಿಡೋ."

"ಹುಚ್ಚಿ! ಕುಸ್ತಿಗೆ ಹೋಗೋ ಮುಂದ ಇಂಥಾ ಮಾತು ಆಡತಾರೇನು?" ಎಂದು ಅಡಿವೆಪ್ಪ ಗದರಿದ. ಯಾಕೆ ಅಂತ ಒಂದು ಮಾತು ಕೇಳಿದ್ದರೆ ಅವನ ಗಂಟೇನು ಹೋಗುತ್ತಿತ್ತು? ಕೇಳಲಿಲ್ಲ.

ಗುರುವಾರ ಮಧ್ಯಾಹ್ನ ಇಡೀ ಊರು ಕುಸ್ತಿ ಕಣದ ಸುತ್ತ ಸೇರಿತು. ಡೊಳ್ಳು ಬಡಿಯುತ್ತಿತ್ತು. ಅಡಿವೆಪ್ಪ ಎದುರಾಳಿಯನ್ನು ನೆಲಕ್ಕೆ ಒತ್ತಿ ಹಿಡಿದಿದ್ದ, ಇನ್ನು ಬೆನ್ನು ಮಣ್ಣಿಗೆ ತಾಗುವುದೊಂದೇ ಬಾಕಿ. ಅಜ್ಜ ಖುಷಿಯಿಂದ ಮಕ್ಕಳ ಸಾಲಿನತ್ತ ನೋಡಿದ. ಬಾಳವ್ವ ಇರಲಿಲ್ಲ.

"ಬಾಳವ್ವ ಎಲ್ಲಿ?" ಎಂದ.

"ಅಕಿ ಅಡಗಾಕ ಹೋಗ್ಯಾಳ್ರಿ. ಅಣ್ಣ ಗೆದ್ರ ಅಕಿನ್ನ ಕೊಲ್ಲಾಕ ಬರತಾರಂತ," ಎಂದಿತು ಒಂದು ಮಗು.

ಅಜ್ಜನಿಗೆ ಅವಳು ಕೇಳಿದ್ದ ಹಗೇವಿನ ಮಾತು ನೆನಪಾಯಿತು. ತಾನು ನಕ್ಕದ್ದು ನೆನಪಾಯಿತು. ಗೌಡರ ಹಿತ್ತಲಿನ ಹಗೇವಿನ ಬಾಯಿಯನ್ನು ಅಂದು ಬೆಳಿಗ್ಗೆಯಷ್ಟೇ ತೆರೆದಿದ್ದರು, ಅದೂ ನೆನಪಾಯಿತು. ಅಯ್ಯೋ ಶಿವನೇ! ಕಣದೊಳಗೇ ನುಗ್ಗಿ ಕಿರುಚಿದ, "ಅಡಿವೆಪ್ಪಾ, ಬಿಡೋ ಅವನ್ನ! ನಿನ್ನ ತಂಗಿ ಹಗೇವಿನ್ಯಾಗ ಅದಾಳೋ!"

ಅಡಿವೆಪ್ಪ ಹಿಡಿದ ಪಟ್ಟು ಬಿಟ್ಟು ಓಡಿದ. ಅವನ ಹಿಂದೆ ಊರೇ ಓಡಿತು.

ಹಗೇವಿನ ಬಾಯಲ್ಲಿ ಒಂದು ಹಗ್ಗ ಇಳಿಬಿದ್ದಿತ್ತು. ಕೂಗಿದರು, ಉತ್ತರವಿಲ್ಲ. ಕಂದೀಲು ಇಳಿಸಿದರು. ಅರ್ಧಕ್ಕೆ ಹೋಗುವಷ್ಟರಲ್ಲಿ ದೀಪ ಸಣ್ಣಗಾಯಿತು, ಜೋಳದ ರಾಶಿ ಮುಟ್ಟುವ ಮೊದಲು ಆರಿಹೋಯಿತು. ಆರುವ ಮುಂಚೆ ಒಂದು ಪುಟ್ಟ ಕಾಲು ಕಂಡಿತು.

"ಇಳೀಬ್ಯಾಡ, ನೀನೂ ಸಾಯ್ತಿ!" ಎಂದರು ಜನ. ಅಡಿವೆಪ್ಪ ಸೊಂಟಕ್ಕೆ ಹಗ್ಗ ಕಟ್ಟಿಸಿಕೊಂಡ. ಗರಡಿಯಲ್ಲಿ ಕಲಿತಂತೆ ಎದೆ ತುಂಬ ಉಸಿರು ಎಳೆದು, ಬಾಯಿ ಬಿಗಿದು ಇಳಿದ. ಮೇಲಿದ್ದವರು ಒಂದು, ಎರಡು ಎಂದು ಎಣಿಸತೊಡಗಿದರು. ಅಜ್ಜನಿಗೆ ಎಣಿಸಲೂ ಧೈರ್ಯವಾಗಲಿಲ್ಲ. ಅವನು ಹಗ್ಗ ಹಿಡಿದು ಅಳುತ್ತಿದ್ದ. ನಲವತ್ತಕ್ಕೆ ಹಗ್ಗ ಅಲುಗಿತು, ಎಳೆದರು. ಅಣ್ಣನ ಹೆಗಲ ಮೇಲೆ ತಂಗಿ ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿದ್ದಳು.

ಗಾಳಿಗೆ ಮಲಗಿಸಿದರು, ಮುಖಕ್ಕೆ ನೀರು ಹಾಕಿದರು. ಎಷ್ಟು ಹೊತ್ತಾದರೂ ಮಿಸುಕಲಿಲ್ಲ. ಯಾರೋ ಹೆಂಗಸರು ಬಾಯಿಗೆ ಸೆರಗು ಹಿಡಿದರು. ಆಗ ಬಾಳವ್ವ ಒಮ್ಮೆ ಕೆಮ್ಮಿದಳು. ಕಣ್ಣು ತೆರೆದು ಮೊದಲು ಕೇಳಿದ್ದು ಇಷ್ಟೇ.

"ಅಣ್ಣಾ, ನೀ ಸೋತ್ಯೇನೋ?"

ಅಡಿವೆಪ್ಪ ತಂಗಿಯನ್ನು ಎದೆಗವಚಿಕೊಂಡ. "ಸೋತೆನವ್ವಾ. ಕಣಾನ ಬಿಟ್ಟು ಬಂದೆ."

"ಹಂಗಾರ ನಾ ಸಾಯೂದಿಲ್ಲ," ಎಂದಳು ಬಾಳವ್ವ. ಅಜ್ಜ ಅವಳ ಕಾಲ ಹತ್ತಿರ ಕೂತು ತಲೆ ತಗ್ಗಿಸಿದ.

ಶನಿವಾರ ಬಂತು. ಕಟ್ಟೆಯ ಮುಂದೆ ಜನವೋ ಜನ. ಅಜ್ಜ ಬಾಳವ್ವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದ, "ಹೇಳವ್ವಾ, ಕಲಿಮಲ್ಲನ ತಂಗಿ ಹೆಸರೇನು? ಅಕಿ ಇವತ್ತ ಏನ್ ಮಾಡಬೇಕು?"

ಬಾಳವ್ವ ಅಣ್ಣನ ಕಡೆ ಒಮ್ಮೆ ನೋಡಿ ಹೇಳಿದಳು. "ಅಕಿ ಹೆಸರು ಸಂಗವ್ವ. ಮನಿಗೆ ಹೋಗಿ ಉಣಲಿ. ಆಮ್ಯಾಲ ಬಾಗಲಾ ತಗದು ಮಲಗಲಿ."

ಅಜ್ಜ ಹಾಗೆಯೇ ಹೇಳಿದ. ರಕ್ತ ಇಲ್ಲ, ಕತ್ತಿ ಇಲ್ಲ ಎಂದು ಅರ್ಧ ಜನ ಗೊಣಗುತ್ತ ಎದ್ದು ಹೋದರು. ಹೋಗಲಿ ಬಿಡಿ. ಆ ದಿನ ಬಾಳವ್ವ ಮನೆಗೆ ಹೋಗಿ ಎರಡು ರೊಟ್ಟಿ ತಿಂದಳು.

ನೀತಿ: ವೀರನಿಗೆ ಸಿಟ್ಟು ಬರಿಸಲಿಕ್ಕೆಂದು ಅವನ ಮನೆಯವರನ್ನು ಕೊಲ್ಲಬೇಡಿ, ಕಥೆಯಲ್ಲಾದರೂ ಸರಿ. ಅವರಿಗೂ ಒಂದು ಹೆಸರಿದೆ, ಒಂದು ಬದುಕಿದೆ. ಕೇಳುತ್ತ ಕೂತ ಮಕ್ಕಳೆಲ್ಲ ತಮ್ಮನ್ನು ವೀರ ಎಂದುಕೊಳ್ಳುವುದಿಲ್ಲ, ಅವರಲ್ಲಿ ಒಬ್ಬಳು ವೀರನ ತಂಗಿಯೂ ಇರುತ್ತಾಳೆ.